ನಾಲ್ಕನೇ ಜ್ವರ

ಗೋಡೆಯಾಚೆಯಿಂದ ಸಣ್ಣಗೆ ಚರಚರ ಸದ್ದು. ಒಣ ಎಲೆಗಳ ಮೇಲೆ ಹನಿ ಬೀಳುವ ಹಾಗೆ, ನಿಲ್ಲದೆ. ಶನಿವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಸ್ಪಷ್ಟವಾಗಿ ಕೇಳತೊಡಗಿತು. ಮಳೆಯಲ್ಲ, ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು ಎಂದು ಗೊತ್ತಿದ್ದುದರಿಂದಲೇ ನಾನು ಚಾಪೆಯನ್ನು ಗೋಡೆಯಿಂದ ದೂರ ಎಳೆದುಕೊಂಡೆ. ಅಷ್ಟೊಂದು ಬಾಯಿಗಳು, ನಡುವೆ ಒಂದೇ ಗೋಡೆ.

ಕಾಲೇಜಿನಲ್ಲಿ ಒಟ್ಟಿಗೆ ಹಾಡುತ್ತಿದ್ದ ನಾವು ವರ್ಷಕ್ಕೊಮ್ಮೆ ಎರಡು ದಿನ ಸೇರುತ್ತೇವೆ. ನಮ್ಮನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ನಮಗಾಗಿ ನಾವೇ ಹಾಡಿಕೊಳ್ಳುತ್ತೇವೆ. ಈ ಸಲ ರಮ್ಯ, "ಈ ಶನಿವಾರ ಭಾನುವಾರ ಬಿಟ್ರೆ ನಂಗೆ ಬಿಡುವೇ ಇಲ್ಲ ಕಣ್ರೇ, ನಮ್ಮನೇಗೇ ಬಂದ್ಬಿಡಿ" ಎಂದಿದ್ದಳು. ಮನೆ ಎಂದರೆ ಬೂದಿಗೆರೆಯ ಆಚೆ, ತೋಟದ ನಡುವಿನ ಹುಳದ ಮನೆ. ಹಿಂದಿನ ಕೋಣೆಯಲ್ಲಿ ಹುಳುಗಳು, ಮುಂದಿನ ಹಾಲಿನಲ್ಲಿ ನಾವು.

ಬಾಗಿಲಲ್ಲೇ ಅವಳು ಎಚ್ಚರಿಸಿದ್ದಳು. "ಪೌಡರ್ ಬೇಡ, ಸೆಂಟ್ ಬೇಡ. ಸೊಳ್ಳೆ ಬತ್ತಿ ಅಂತೂ ಹಚ್ಚಂಗೇ ಇಲ್ಲ, ಹೊಗೆ ತಾಕಿದ್ರೆ ಹುಳ ಉಳಿಯಲ್ಲ. ಹೋದ ಬೆಳೆ ರೋಗ ಬಂದು ಪೂರ್ತಿ ಗುಂಡಿಗೆ ಹಾಕಿದ್ವಿ. ಇದೂ ಹೋದ್ರೆ ಹುಳದ ಸವಾಸನೇ ಬೇಡ ಅಂತಾವ್ರೆ ಇವ್ರು." ಅಟ್ಟದಿಂದ ತಬಲಾ ಇಳಿಸುತ್ತಿದ್ದ ಗಂಡ ಬೈರೇಶನ ಕಡೆ ಕೈ ತೋರಿಸಿದಳು.

ಕೊಳೆತ ಸೊಪ್ಪು, ಹುಳದ ಹಿಕ್ಕೆ, ಬ್ಲೀಚಿಂಗ್ ಪೌಡರ್ ಎಲ್ಲ ಸೇರಿದ ವಾಸನೆ ತುತ್ತಿನ ಜೊತೆ ಒಳಗಿಳಿಯುತ್ತಿತ್ತು. ಬಚ್ಚಲಿನ ಮಗ್ಗಿನೊಳಗೆ ಪಾಚಿ. ನಮ್ಮ ಜೊತೆ ಹಾಡುವ ಪ್ರಮೋದಾ ಪಾತ್ರೆ ತೊಳೆಯುವ ಸಿಂಕಿನಲ್ಲೇ ಗಂಟಲು ಮುಕ್ಕಳಿಸಿ ಉಗುಳುತ್ತಿದ್ದಳು. ಹಾರ್ಮೋನಿಯಂ ನುಡಿಸುವ ಕೆಂಪರಾಜ್ ರಾಗ ಯೋಚಿಸುವಾಗ ಹಿಮ್ಮಡಿಯ ಒಣ ಚರ್ಮ ಕಿತ್ತು ಚಾಪೆಯ ಮೇಲೆ ಉದುರಿಸುತ್ತಿದ್ದ. ಅದೇ ಬೆರಳು ಮತ್ತೆ ಹಾರ್ಮೋನಿಯಂ ಮನೆಗಳ ಮೇಲೆ. "ಏನೇ ಸಿಂಧು, ಮೂಗು ಮುಚ್ಕೊಂಡೇ ಹಾಡ್ತೀಯಾ? ಶ್ರುತಿ ಮೂಗಿಂದ ಬರ್ತೈತೆ" ಎಂದು ಅವನೇ ನನ್ನನ್ನು ರೇಗಿಸಿದ.

ಆದರೂ ಹಾಡಿದೆವು. ಕೆಂಪರಾಜ್ ಹೊಸೆದಿದ್ದ ಒಂದು ಪಲ್ಲವಿಯ ಮೇಲಿನ ಸ್ವರ ಯಾರಿಗೂ ಸಿಗದೆ, ಕತ್ತಲಾಗುವವರೆಗೂ ಅದನ್ನೇ ತಿಕ್ಕಿದೆವು.

ಮಲಗಿದವಳಿಗೆ ಆ ಚರಚರದ ನಡುವೆ ಹೊಗೆಯ ವಾಸನೆ ಬಂತು. ಹೊರಗೆ ಬಂದು ನೋಡಿದೆ. ಜಗಲಿಯಲ್ಲಿ ಕೆಂಪರಾಜ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ದಿಂಬಿಗೆ ಜೊಲ್ಲು ಇಳಿದಿತ್ತು. ಕಾಲ ಬಳಿ ಸೊಳ್ಳೆ ಬತ್ತಿಯ ಕೆಂಪು ತುದಿ. ಅಷ್ಟು ಹೇಳಿದ್ದರೂ! ಬತ್ತಿಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ ಚರಂಡಿಗೆ ಎಸೆದೆ.

ಬೆಳಕು ಹರಿಯುವ ಮೊದಲು ಎಚ್ಚರವಾದಾಗ ಸದ್ದು ನಿಂತಿತ್ತು.

ರಮ್ಯಳನ್ನು ಎಬ್ಬಿಸುವ ಧೈರ್ಯವಾಗದೆ ನಾನೇ ಹಿಂದಿನ ಕೋಣೆಗೆ ಹೋದೆ. ಮೊಬೈಲ್ ಬೆಳಕಿನಲ್ಲಿ ಸ್ಟ್ಯಾಂಡಿನ ತುಂಬ ಹುಳುಗಳು ತಲೆ ಎತ್ತಿ ಸೆಟೆದು ಕೂತಿದ್ದವು. ಒಂದೂ ಅಲುಗಲಿಲ್ಲ. ಸತ್ತಿವೆಯೋ ಹೇಗೋ ತಿಳಿಯಲೇಬೇಕಿತ್ತು. ಹಲ್ಲು ಕಚ್ಚಿ ಒಂದನ್ನು ಹಿಡಿದೆ. ತಣ್ಣಗೆ, ಮೆತ್ತಗೆ, ಮೂಗಿನ ಸಿಂಬಳ ಚರ್ಮ ಹೊದ್ದ ಹಾಗಿತ್ತು. ಎಳೆದಾಗ ಏನೋ ಪಟ್ಟೆಂದು ಕಿತ್ತಂತಾಯಿತು. ಅಂಗೈಯಲ್ಲೂ ಅದು ಅಲುಗಲಿಲ್ಲ. ಬೆಳಕಾದ ಮೇಲೆ ನೋಡಿದರಾಯಿತೆಂದು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಚರ್ಮ ಉರಿಯುವವರೆಗೂ ಕೈ ತೊಳೆದೆ.

ಬೆಳಿಗ್ಗೆ ಕೆಂಪರಾಜ್ ಉಪ್ಪಿಟ್ಟು ಜಗಿಯುತ್ತಲೇ ಆಲಾಪ ಮಾಡುತ್ತಿದ್ದ. ಬಾಯಿಂದ ರವೆ ಸಿಡಿದು ನನ್ನ ಪುಸ್ತಕದ ಮೇಲೆ ಬಿತ್ತು. ಅವನ ಮುಖ ನೋಡಲೂ ಆಗಲಿಲ್ಲ. ಅಷ್ಟರಲ್ಲಿ ರಮ್ಯ ಒಳಗಿನಿಂದ ಬಂದಳು. ಕೈಯೆಲ್ಲ ಸುಣ್ಣದ ಪುಡಿ.

"ಹುಳಕ್ಕೆ ಜ್ವರ ಬಂದೈತೆ ಕಣ್ರೇ."

ನಾನು ತಟ್ಟೆ ಕೆಳಗಿಟ್ಟೆ. "ಎಲ್ಲಕ್ಕೂನಾ?"

"ಹ್ಞೂಂ, ಎಲ್ಲಕ್ಕೂ ಒಟ್ಟಿಗೇ!" ಅವಳು ನಗುತ್ತಿದ್ದಳು.

"ನಗ್ತೀಯಲ್ಲೇ! ಡಾಕ್ಟರಿಗೆ ಯಾರಿಗಾದ್ರೂ ಫೋನ್ ಮಾಡು."

ಬೈರೇಶ್ ತಬಲಾದ ಮೇಲೆ ಬಗ್ಗಿ ನಕ್ಕ. "ಕೆಂಪರಾಜ್ ಗುರು, ಥರ್ಮಾಮೀಟರ್ ತಗೊಂಡ್ಬಾ, ಒಂದೊಂದಕ್ಕೇ ಇಡಣ!"

"ಅಯ್ಯೋ ಪೆದ್ದಿ," ಎಂದಳು ರಮ್ಯ. "ಪೊರೆ ಬಿಡೋಕ್ಮುಂಚೆ ಮೇವು ಬಿಟ್ಟು ನಿದ್ದೆ ಮಾಡ್ತಾವೆ, ಅದಕ್ಕೇ ಜ್ವರ ಅನ್ನೋದು. ಇದು ನಾಕನೇದು. ಜ್ವರದಾಗೆ ಸೊಪ್ಪು ಹಾಕೋ ಕೆಲಸ ಇಲ್ವಲ್ಲ, ಅದಕ್ಕೇ ನಿಮ್ಮನ್ನ ಈ ವಾರ ಕರೆದಿದ್ದು. ಈ ಸಲ ಎಲ್ಲಾ ಚೆನ್ನಾಗವೆ. ಮುಟ್ಬಾರ್ದು ಅಷ್ಟೇ. ಕಾಲು ನೂಲಿಗೆ ಅಂಟಿಸ್ಕೊಂಡಿರ್ತಾವೆ, ಕಿತ್ರೆ ಪೊರೆ ಬಿಡಕ್ಕಾಗ್ದೆ ಸಾಯ್ತಾವೆ."

ನಾನು ನನ್ನ ಬ್ಯಾಗಿನ ಕಡೆ ನೋಡಲಿಲ್ಲ.

ನಾನು ಕೈ ತೊಳೆಯುವಾಗ ಕೆಂಪರಾಜ್ ನಲ್ಲಿಯ ಹತ್ತಿರ ಬಂದ. "ಲೇ, ರಾತ್ರಿ ಆರಿಸಿದ್ದು ನೀನೇನೇ? ತಡೆಯಕ್ಕಾಗ್ಲಿಲ್ಲ ಕಣೇ, ಸೊಳ್ಳೆ ಎತ್ಕೊಂಡ್ ಹೋಗ್ತಿದ್ವು. ಅವಳಿಗೆ ಹೇಳ್ತೀಯಾ?"

"ಏನನ್ನ?" ಎಂದೆ.

ಆ ಮಧ್ಯಾಹ್ನ, ದನಿಯೆಲ್ಲ ಒಡೆದು, ಬೈರೇಶನ ಬೆರಳುಗಳು ಬಾತುಕೊಂಡ ಮೇಲೆ, ಮೇಲಿನ ಸ್ವರ ಸಿಕ್ಕಿತು. ಎಲ್ಲರ ದನಿಯೂ ಒಂದೇ ದನಿಯಾಗಿ ಶೀಟಿನ ಮಾಡು ಝುಮ್ಮೆಂದಿತು. ಪ್ರಮೋದಾ ಬೆವರಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಒಬ್ಬಳೇ ಕರವಸ್ತ್ರ ಬಿಚ್ಚಿದೆ. ಹುಳು ಮುದುಡಿ ಕಪ್ಪಾಗಿತ್ತು, ಬಟ್ಟೆಗೆ ಹಳದಿ ನೀರು ಹತ್ತಿತ್ತು. ಬಟ್ಟೆ ಸಮೇತ ಬೇಲಿಯಾಚೆ ಎಸೆದೆ. ಬತ್ತಿಯ ಸುದ್ದಿ ತೆಗೆದರೆ, ಸದ್ದು ನಿಂತಾಗ ನಾನೇನು ಮಾಡಿದೆ ಎಂಬುದೂ ಬರುತ್ತದೆ. ಆಮೇಲೆ ರಮ್ಯ ನಮಗೆ ಬಾಗಿಲು ತೆರೆಯಲಿಕ್ಕಿಲ್ಲ. ಆ ಸ್ವರ ನಮಗೆ ಮತ್ತೆ ಬೇಕಲ್ಲ. ಬಸ್ಸಿನ ದೀಪ ಕಾಣುವಷ್ಟರಲ್ಲಿ ತೀರ್ಮಾನಿಸಿದ್ದೆ: ಬತ್ತಿಯದಾಗಲಿ, ಹುಳುವಿನದಾಗಲಿ, ಯಾರಿಗೂ ಹೇಳುವುದಿಲ್ಲ.