ಎರಡೂ ಡಿಸ್ಕಿಗೆ ಕುಂಕುಮ

ಮಾವ ಜ್ಞಾನದೇವ ತೀರಿಕೊಂಡ ವರ್ಷ ಅತ್ತೆ ತುಳಸವ್ವನವರಿಗೆ ನಾನೊಂದು ಮಾತು ಕೊಟ್ಟಿದ್ದೆ: ಕಾಗವಾಡದ ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಮಾವನ ಭಜನೆ ನಾನಿರುವವರೆಗೆ ಅಳಿಸಿಹೋಗುವುದಿಲ್ಲ. ಸಿಡಿಗೆ ಹಾಕಿಸಿದ್ದ ನಕಲು ಗೀರು ಬಿದ್ದು ಹಾಳಾಗಿತ್ತು. ಉಳಿದದ್ದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗಿನ ದನಿ ಒಂದೇ.

ಮಗಳು ನೀಲಮ ಚಿಕ್ಕೋಡಿಯಲ್ಲಿ ಡಿಪ್ಲೊಮಾಕ್ಕೆ ಸೇರಿದ ಮೇಲೆ, ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಬೇಕೆಂದಳು. ಅದನ್ನು ಹಾಕಿದ ಡಿಸ್ಕಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದಂತೆ; ವಿಂಡೋಸೂ ಭಜನೆಯೂ ಇರುವ ಡಿಸ್ಕನ್ನು ಮುಟ್ಟಕೂಡದು ಅಂದೆ. ಅದಕ್ಕೇ ಮಿರಜಿನಿಂದ ಬೇರೆ ಡಿಸ್ಕ್ ತಂದೆವು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಚಾಲೂ ಮಾಡುವಾಗ ಬೇಕಾದದ್ದನ್ನು ಆರಿಸಿಕೊಳ್ಳುವುದು. ಎರಡೂ ಒಂದೇ ಕಂಪನಿಯವು, ನೋಡಲು ಅವಳಿಜವಳಿ. ಗುರುತಿಗೆಂದು ಹಳೆಯದಕ್ಕೆ ಕುಂಕುಮದ ಬೊಟ್ಟು ಇಟ್ಟೆ. ಲಿನಕ್ಸ್ ಹಾಕುವಾಗ ಬೊಟ್ಟಿನ ಡಿಸ್ಕಿನ ಕೇಬಲ್ ಕಿತ್ತಿಟ್ಟರೆ ಅದಕ್ಕೆ ಏನೂ ಆಗದು ಎಂದು ತಾಯಿ ಮಗಳು ಮಾತಾಡಿಕೊಂಡೆವು.

ಅಷ್ಟರಲ್ಲಿ ಆಯುಧಪೂಜೆಯ ಖಂಡೇನವಮಿ ಬಂತು. ನೀಲಮ ಧೂಳು ಹೊಡೆಯಲು ಎರಡೂ ಡಿಸ್ಕು ಹೊರಗೆ ತೆಗೆದಿಟ್ಟಳು. ಕುಡಗೋಲು, ದ್ರಾಕ್ಷಿ ಕತ್ತರಿ, ಸೈಕಲ್ಲು ಎಂದು ಪೂಜೆ ಮಾಡುತ್ತ ಬಂದ ಅತ್ತೆ ಅವನ್ನೂ ಬಿಡಲಿಲ್ಲ. ಸಂಜೆಗತ್ತಲಲ್ಲಿ ನೀಲಮ ಅವಸರದಿಂದ ಅವನ್ನು ಒಳಗೆ ಕೂರಿಸಿದ್ದಳು; ಅತ್ತೆಯ ಪೂಜೆ ನಮಗೆ ಗೊತ್ತಾದದ್ದು ಮರುವಾರ. ದಿನವಿಡೀ ತೋಟದಲ್ಲಿ ಬಳ್ಳಿ ಸವರಿ ಬಂದು ಗೋಡೆಗೆ ಒರಗಿದ್ದೆ. ಲಿನಕ್ಸ್ ಹಾಕಲೆಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದ ನೀಲಮ ಕೂಗಿದಳು.

“ಅವ್ವಾ, ಎರಡಕ್ಕೂ ಕುಂಕುಮ ಐತಿ!”

ಎದ್ದು ಹೋಗಿ ನೋಡಿದೆ. ಅರಿಸಿನ ಬಳಿದು ಡಿಸ್ಕುಗಳಿಗೆ ಅಂಟಿಸಿದ್ದ ಚೀಟಿಯ ಮೇಲಿನ ಅಕ್ಷರಗಳೂ ಮುಚ್ಚಿಹೋಗಿದ್ದವು.

“ಅತ್ತಿ, ಹೊಸಾದಕ್ಕೂ ಹಚ್ಚೀರೇನ್ರಿ?”

ಅತ್ತೆ ಮೆಂತೆಪಲ್ಲೆ ಬಿಡಿಸುತ್ತಿದ್ದರು. “ಮತ್ತ? ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಚಂದ ಕಾಣತೈತೇನ? ಅದೇನ್ ಪಾಪ ಮಾಡೈತಿ?”

“ಆಯಿ, ನಿನ್ನ ಪೂಜಿ ನಮ್ಮ ಅಜ್ಜಾನ ಭಜನಿ ಅಳಸತೈತಿ ನೋಡ,” ಅಂದಳು ನೀಲಮ.

“ಸುಮ್ನಿರ ಬೇ,” ಅಂದರು ಅತ್ತೆ. ಪಲ್ಲೆ ಬಿಡಿಸುವ ಕೈ ಮಾತ್ರ ನಿಂತಿತು.

“ಹೆದರಬ್ಯಾಡ. ಮ್ಯಾಲಿಂದು ಹೊಸಾದು. ನಾನ ಕುಂದರಿಸೇನಿ.” ನೀಲಮ ಕೆಳಗಿನದರ ಕೇಬಲ್ ಕಿತ್ತು, ಲಿನಕ್ಸಿನ ಸಿಡಿ ಕೈಗೆತ್ತಿಕೊಂಡಳು.

“ತಡಿ,” ಅಂದೆ. “ಮೊದಲ ಸಿಡಿ ಇಲ್ದ ಚಾಲೂ ಮಾಡ. ಹೊಸಾದಾಗ ಏನೂ ಇಲ್ಲಂದ್ರ ಏನೂ ಬರಬಾರದಲ್ಲ?”

“ನಿನಗ ಎಲ್ಲಾದಕ್ಕೂ ಸಂಶೇನ.”

“ಇರ್ಲಿ, ಮಾಡ.”

ಬೇಸರದಿಂದಲೇ ಗುಂಡಿ ಒತ್ತಿದಳು. ಕಪ್ಪು ಪರದೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ದಿನಾ ನೋಡುವ ವಿಂಡೋಸಿನ ಚಿತ್ರ ಮೂಡಿತು. ಮೇಲಿದ್ದದ್ದೇ ಹಳೆಯದು. ಧೂಳು ಹೊಡೆದು ಇಡುವಾಗ ಕೆಳಗಿನದು ಮೇಲಾಗಿತ್ತು.

ನೀಲಮ ಸಿಡಿಯನ್ನು ಮೇಜಿನ ಮೇಲಿಟ್ಟಳು. ಕಂಪ್ಯೂಟರ್ ಬಂದ್ ಮಾಡಿ, ಮೇಲಿನ ಕೇಬಲ್ ಕಿತ್ತು ಕೆಳಗಿನದನ್ನು ಜೋಡಿಸಿದಳು. ಈ ಸಲ ಸಿಡಿ ಇಲ್ಲದೆ ಏನೂ ಬರಲಿಲ್ಲ.

“ಈಗ ಹಾಕ,” ಅಂದೆ.

ನಾನು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಲಿನಕ್ಸ್ ಕೂತಿತ್ತು. ಹಳೆಯದರ ಕೇಬಲ್ ಜೋಡಿಸಿ, ವಿಂಡೋಸ್ ಆರಿಸಿ, ಭಜನೆ ಹಚ್ಚಿದಳು. ಅತ್ತೆ ಪಲ್ಲೆಯ ಬುಟ್ಟಿ ಸರಿಸಿ ಹತ್ತಿರ ಬಂದು ಕೂತರು. ನಾಲ್ಕು ಸಾಲು ಹಾಡಿದ ಮಾವ ನಡುವೆ ಹಾರ್ಮೋನಿಯಂ ಪೇಟಿ ನುಡಿಸುವ ಸಮಾಧಾನನಿಗೆ ಗದರಿದರು: “ಏ ಸಮಾಧಾನ, ಸೂರ ಬಿಟ್ಟೀಲೇ!”

“ಹೋದಮ್ಯಾಲೂ ಬಯ್ಯೂದ ಬಿಟ್ಟಿಲ್ಲ,” ಎಂದು ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕರು.

ನೀಲಮ ಭಜನೆಯ ಒಂದು ನಕಲನ್ನು ಲಿನಕ್ಸಿನ ಡಿಸ್ಕಿಗೂ ಹಾಕಿದಳು. ಅತ್ತೆಗೆ ಕೊಟ್ಟ ಮಾತು ಉಳಿಯಿತು.