ಮೇಕೆಯ ಬಾಯಿಗೆ ಒರೆಸಿದ ಮೊಸರು

ಆ ಬೆಳಿಗ್ಗೆ ಬಸ್ಸಮ್ಮ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಲಾಯದ ಸಾಲಿಗೆ ಬಂದಳು. ಬಲಗೈಯದು ತನ್ನ ಮುದಿ ಕುದುರೆ ಬೂದನಿಗೆ, ಎಡಗೈಯದು ಪಕ್ಕದ ಖಾನೆಯ ಕುದುರೆ ಕೆಂಚಿಗೆ. ಬೂದನ ಮುಂದೆ ತವುಡಿಟ್ಟು ಕೆಂಚಿಯ ಬಾಗಿಲಿಗೆ ಕೈಹಾಕಿದರೆ ಚಿಲಕ ಜರುಗಲಿಲ್ಲ. ನೋಡಿದರೆ ಹೊಸ ಹಿತ್ತಾಳೆ ಬೀಗ. ಅರ್ಧ ಬಾಗಿಲ ಮೇಲಿಂದ ಕೆಂಚಿ ಕತ್ತು ಚಾಚಿ, ನನ್ನ ಪಾಲು ಎಲ್ಲಿ ಎಂಬಂತೆ ಮೂಗು ಅರಳಿಸಿತು. ಒಳಗೆ ಆಗಲೇ ಒಣಹುಲ್ಲು ಬಿದ್ದಿತ್ತು. ಯಾರೋ ಅವಳಿಗಿಂತ ಮೊದಲೇ ಬಂದು, ಮೇವು ಹಾಕಿ, ಬೀಗ ಜಡಿದು ಹೋಗಿದ್ದರು.

ಕೆಂಚಿಯ ಒಡತಿ ಊರೊಳಗೆ ಪಾರ್ಲರ್ ನಡೆಸುವವಳು. ಲಾಯದಲ್ಲಿ ಎಲ್ಲರಿಗೂ ಅವಳು ಕತ್ತರಿ. ಬಸ್ಸಮ್ಮ ಎಂಬುದೂ ಹೆತ್ತವರು ಇಟ್ಟ ಹೆಸರಲ್ಲ, ಸಿಟಿ ಬಸ್ಸು ಓಡಿಸುತ್ತಾಳೆಂದು ಲಾಯದವರು ಇಟ್ಟದ್ದು. ಕುದುರೆಯ ಹುಚ್ಚಿದ್ದೂ ಕಟ್ಟಲು ಜಾಗವಿಲ್ಲದವರು ತಮ್ಮ ಒಂದೊಂದು ಕುದುರೆಯನ್ನು ತಂದು ಬಿಡುವ ಬಾಡಿಗೆ ಲಾಯ ಅದು. ಬಸ್ಸಮ್ಮನ ಪಾಳಿ ಮಧ್ಯಾಹ್ನದ ಮೇಲೆ. ಕತ್ತರಿಯ ಅಂಗಡಿ ಬೆಳಿಗ್ಗೆಯೇ ತೆರೆಯಬೇಕು. ಹಾಗಾಗಿ ಬೆಳಗಿನ ಮೇವು ಎರಡಕ್ಕೂ ಬಸ್ಸಮ್ಮನದು, ಸಂಜೆಯದು ಎರಡಕ್ಕೂ ಕತ್ತರಿಯದು. ವರ್ಷಗಳಿಂದ ಹೀಗೇ ನಡೆದುಬಂದಿತ್ತು. ಕತ್ತರಿ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಬರೀ ಬಾಯಿಮಾತಿಗಲ್ಲ, ಜ್ವರ ಬಂದಾಗ ಗಂಡನಿಗಿಂತ ಮೊದಲು ಫೋನು ಮಾಡುತ್ತಿದ್ದುದು ಈ ಅಕ್ಕನಿಗೇ.

ಈಗ ಫೋನು ಮಾಡಿದರೆ ಎತ್ತಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಬಸ್ಸಮ್ಮ ಬೀಗದ ವಿಷಯ ತೆಗೆದಳು. ಗಂಡನದು ಬೀಗ ರಿಪೇರಿಯ ಅಂಗಡಿ. ಅವನು ತುತ್ತು ಅರ್ಧಕ್ಕೇ ನಿಲ್ಲಿಸಿ, "ಹಿತ್ತಾಳೇದಾ? ಸಣ್ಣದಾ?" ಎಂದ.

"ಹೌದು."

"ಅದು ನಮ್ಮಲ್ಲೇ ತಗೊಂಡಿದ್ದು. ನಿನ್ನೆ ಬಂದಿದ್ಲು."

"ಯಾಕೆ ಅಂತ ಕೇಳ್ಲಿಲ್ವೇನ್ರೀ?"

"ಬೀಗ ಕೊಳ್ಳೋರನ್ನೆಲ್ಲ ಯಾಕೆ ಅಂತ ಕೇಳ್ತಾ ಕೂತ್ರೆ ನನ್ನ ಅಂಗಡಿಗೇ ಬೀಗ ಬೀಳುತ್ತೆ ಕಣೇ."

ಅತ್ತೆ ಒಳಗಿಂದ ನಕ್ಕರು. ಬಸ್ಸಮ್ಮನಿಗೆ ನಗು ಬರಲಿಲ್ಲ. ಪಾಳಿಗೆ ಹೋಗುವ ದಾರಿಯಲ್ಲಿ ನೇರ ಪಾರ್ಲರ್ ಹೊಕ್ಕಳು. ಕತ್ತರಿ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತಿದ್ದಳು. ಕನ್ನಡಿಯಲ್ಲೇ ಇವಳನ್ನು ನೋಡಿ, ತಿರುಗದೆ ಕೆಲಸ ಮುಂದುವರಿಸಿದಳು.

"ಏನೇ ಇದು, ಬೀಗ?"

"ನನ್ನ ಕುದುರೆ ಖಾನೆಗೆ ಹಾಕಿದ್ದು. ನಿಮ್ಮದಕ್ಕೆ ಹಾಕಿಲ್ವಲ್ಲ ಮೇಡಂ."

ಆ 'ಮೇಡಂ' ಕೆನ್ನೆಗೆ ಬಾರಿಸಿದಂತಾಯಿತು. ಬಣ್ಣದ ಹೆಂಗಸು ಕಣ್ಣು ಮುಚ್ಚಿಕೊಂಡು ಕಿವಿ ಮಾತ್ರ ತೆರೆದಿಟ್ಟಳು.

"ಬಾಯಿ ಬಿಟ್ಟು ಹೇಳು. ಏನಾಯ್ತು?"

"ಕೆಂಚಿ ಎರಡನೇ ಸಲ ಹೊಟ್ಟೆನೋವಿಂದ ಒದ್ದಾಡಿದ್ದು ನಿಮಗೂ ಗೊತ್ತು. ಹುಳಿ ಬಂದಿರೋದೇನೋ ಹೊಟ್ಟೆಗೆ ಹೋಗಿದೆ ಅಂದ್ರು ಡಾಕ್ಟ್ರು. ಬೆಳಿಗ್ಗೆ ತವುಡು ಕಲಸಿ ಹಾಕೋರು ಯಾರು? ತಮ್ಮದಕ್ಕೆ ಹೊಸದು ಹಾಕಿ, ಹಳಸಿದ್ದು ಪಕ್ಕದ್ದಕ್ಕೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಒಳಗೇ ಉಬ್ಬಿ ಜೀವ ಹಿಂಡುತ್ತದೆ. ಕೆಂಚಿ ನೆಲಕ್ಕೆ ಬಿದ್ದು ಕಾಲು ಝಾಡಿಸುತ್ತಿದ್ದಾಗ ಅದರ ಹಗ್ಗ ಹಿಡಿದು, ಮಲಗಲು ಬಿಡದೆ, ಡಾಕ್ಟರು ಬರುವವರೆಗೆ ಸುತ್ತಿಸಿದ್ದವಳು ಬಸ್ಸಮ್ಮನೇ. ಆ ದಿನದ ಪಾಳಿ ತಪ್ಪಿಸಿ ಡಿಪೋದಲ್ಲಿ ಬೈಸಿಕೊಂಡವಳೂ ಇವಳೇ.

"ಇದು ನಿನ್ನ ತಲೆಗೆ ಬಂದ ಮಾತಾ, ಯಾರಾದ್ರೂ ತುಂಬಿದ್ದಾ?"

"ಮಾವ ಯಾರ ಹೆಸರೂ ಹೇಳ್ಲಿಲ್ಲ. ಬೆಳಿಗ್ಗೆ ಅಲ್ಲಿರೋಳು ಒಬ್ಬಳೇ, ನೀನೇ ಯೋಚನೆ ಮಾಡು ಅಂದ್ರು ಅಷ್ಟೇ."

ಮಾವ ಎಂದರೆ ಲಾಯದ ಯಜಮಾನ. ಯಾರಿಗೂ ನೆಂಟನಲ್ಲ. ಬಂದವರನ್ನೆಲ್ಲ ಮಗಳೇ, ಮಗನೇ ಎಂದು ಬೆಣ್ಣೆಯಂಥ ದನಿಯಲ್ಲಿ ಮಾತನಾಡಿಸುತ್ತಿದ್ದುದರಿಂದ ಎಲ್ಲರ ಮಾವನಾಗಿದ್ದ. ಭಾನುವಾರ ಅವನೇ ಎಲ್ಲರನ್ನೂ ಚಹಾದ ಕೋಣೆಗೆ ಕರೆದ. ತಡಿ, ಕಡಿವಾಣ ನೇತುಹಾಕಿದ ಗೋಡೆಯ ಕೆಳಗೆ ಬೆಂಚುಗಳು. ಅವುಗಳ ಮೇಲೆ ಲಾಯದವರು. ಮೂಲೆಯಲ್ಲಿ, ಮೊಮ್ಮಗಳಿಗಾಗಿ ಗಿಡ್ಡ ಕುದುರೆ ಸಾಕಿರುವ ನಿವೃತ್ತ ಮೇಷ್ಟ್ರು.

"ಯಾರ ಮೇಲೂ ದೂರು ಹೇಳಕ್ಕೆ ಕರೀಲಿಲ್ಲಪ್ಪಾ," ಎಂದು ಮಾವ ಶುರುಮಾಡಿದ. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಎಲ್ಲರ ನೆಮ್ಮದಿಗೋಸ್ಕರ ನಮ್ಮ ಬಸ್ಸಮ್ಮ ಬೇರೆ ಕಡೆ ಒಂದು ಜಾಗ ನೋಡ್ಕೊಂಡ್ರೆ ಹೇಗೆ ಅಂತ. ನಿಧಾನವಾಗೇ ಹೋಗ್ಲಿ, ಆತುರ ಇಲ್ಲ."

ಬಸ್ಸಮ್ಮ ಸುತ್ತ ನೋಡಿದಳು. ಯಾರ ಕುದುರೆಗೆ ಲಾಳ ಕಟ್ಟಿಸಲು ಆಳು ಸಿಗದೆ ಇವಳು ಊರೆಲ್ಲ ಅಲೆದಿದ್ದಳೋ, ಅವರು ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದರು. ಮೇಷ್ಟ್ರು ಕನ್ನಡಕ ಒರೆಸಿದ್ದೇ ಒರೆಸಿದ್ದು.

"ನಾನು ಹಳಸಿದ ತವುಡು ಹಾಕಿದ್ದನ್ನ ಕಂಡೋರು ಯಾರಿದ್ದೀರಿ?"

ಒಬ್ಬರು ಇನ್ನೊಬ್ಬರ ಮುಖ ನೋಡಿದರು.

"ಹೋಗ್ಲಿ, ನನ್ನನ್ನ ಒಂದು ಮಾತು ಕೇಳಿದೋರು ಯಾರಿದ್ದೀರಿ?"

"ಮಗಳೇ, ಸಿಟ್ಟು ಮಾಡ್ಕೋಬೇಡ..."

"ಮಾಡ್ಕೋತೀನಿ ಮಾವ. ಮೈಯೆಲ್ಲ ಉರೀತಿದೆ, ಮಾಡ್ಕೋತೀನಿ. ಮತ್ತೆ ಎಲ್ಲಿಗೂ ಹೋಗಲ್ಲ. ಹೋದ್ರೆ ನಾಳೆ ನೀವೆಲ್ಲ ಏನಂತೀರಿ ಗೊತ್ತಾ? ತಪ್ಪು ಮಾಡಿದ್ಲು, ಅದಕ್ಕೇ ಓಡಿಹೋದ್ಲು ಅಂತೀರಿ."

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದವಳ ಕೈಯಿಂದ ಅತ್ತೆ ಪಾತ್ರೆ ಕಸಿದುಕೊಂಡರು. "ಅದೇನು ಮಾಡಿತ್ತೇ ಪಾಪ? ಕೂತ್ಕೋ ಇಲ್ಲಿ. ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತ್ತಂತೆ. ಯಾವುದೋ ಮಂಗ ಇದೆ ಅಲ್ಲಿ. ಹುಡುಕು, ಸಿಗುತ್ತೆ."

"ಮಂಗ ಸಿಗೋವರೆಗೂ ಮೇಕೆ ಗತಿ ಏನು ಅತ್ತೆ?"

"ಮೂತಿ ಎತ್ಕೊಂಡು ಓಡಾಡ್ಬೇಕು. ತಗ್ಗಿಸಿದ್ಯೋ, ಮೊಸರು ನಿಂದೇ ಅಂತಾರೆ."

ಮೂತಿ ಎತ್ತಿಕೊಂಡೇ ಓಡಾಡಿದಳು. ಆದರೆ ಅದು ಹೇಳಿದಷ್ಟು ಸುಲಭವಿರಲಿಲ್ಲ. ಸಂಜೆ ಬೂದನಿಗೆ ಮೇವು ಹಾಕುವವರಿಲ್ಲದೆ ಗಂಡ ಅಂಗಡಿ ಬೇಗ ಮುಚ್ಚಿ ಬರತೊಡಗಿದ. ಕುದುರೆಯೆಂದರೆ ಹೆದರಿ ಸಾಯುವವನು, ಹುಲ್ಲಿನ ಕಟ್ಟನ್ನು ಬಾಗಿಲಾಚೆಯಿಂದಲೇ ಎಸೆದು ಬರುತ್ತಿದ್ದ. ಬಸ್ಸಮ್ಮ ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದವರಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಕತ್ತರಿ ಕೆಂಚಿಯನ್ನು ಬಯಲಿಗೂ ಬಿಡದೆ ಖಾನೆಯಲ್ಲೇ ಕೂಡಿಹಾಕಿದ್ದಳು. ಅದು ದಿನವಿಡೀ ಬಾಗಿಲಿಗೆ ಗೊರಸು ಬಡಿಯುತ್ತಿತ್ತು.

ಹೀಗಿರುವಾಗ ಒಂದು ರಜೆಯ ದಿನ, ಬಯಲಿನಲ್ಲಿ ಮೇಯಲು ಬಿಟ್ಟಿದ್ದ ಬೂದ ಮೈಯೆಲ್ಲ ಬೆವರಿ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತ ನಿಂತಿತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಬಸ್ಸಮ್ಮ ಡಾಕ್ಟರಿಗೆ ಫೋನು ಮಾಡಿ, ಹಗ್ಗ ಹಾಕಿ, ನಡೆಸತೊಡಗಿದಳು. ಲಾಯದ ಸಾಲಿನ ಮುಂದೆ ಹಾಯುವಾಗ ಯಾರೋ ಹೇಳಿದ್ದು ಕಿವಿಗೆ ಬಿತ್ತು: "ತನ್ನ ಮೇಲಿನ ಅನುಮಾನ ಹೋಗ್ಲಿ ಅಂತ ತಾನೇ ಏನಾದ್ರೂ ತಿನ್ನಿಸಿದ್ಲೋ ಏನೋ!"

ಕೈಯಲ್ಲಿ ಹಗ್ಗ ಇಲ್ಲದಿದ್ದರೆ ಆ ದಿನ ಅವಳು ಏನು ಮಾಡುತ್ತಿದ್ದಳೋ. ತುಟಿ ಕಚ್ಚಿಕೊಂಡು, ಇವರ ಮುಖ ನೋಡುವುದೇ ಬೇಡವೆಂದು, ಬೂದನನ್ನು ಬಯಲಿನ ಕೆಳಗಿನ ಮೂಲೆಗೆ ನಡೆಸಿಕೊಂಡು ಹೋದಳು. ತಗಡಿನ ಹಳೆಯ ಶೆಡ್ಡಿನ ಹಿಂದೆ ಇಳಿಜಾರು. ಮಾವನನ್ನು ಬಿಟ್ಟರೆ ಅತ್ತ ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ಬೇಲಿಯ ಈಚೆಗೆ ಹಸಿ ಹುಲ್ಲಿನ ಪುಡಿಯ ಗುಡ್ಡೆ ಬಿದ್ದಿತ್ತು, ಒಂದು ಕಡೆ ಬಾಯಿ ಹಾಕಿ ತಿಂದ ಗುರುತು. ಬಸ್ಸಮ್ಮ ಕೈ ತೂರಿಸಿದಳು. ಒಳಗೆ ಬಿಸಿ, ಮೂಗಿಗೆ ಹುಳಿ ವಾಸನೆ. ಕೆಂಚಿ ಹೊಟ್ಟೆಬಾಕ, ಬಯಲಿಗೆ ಬಿಟ್ಟಾಗ ಇದನ್ನೆಲ್ಲ ಮೊದಲು ನುಂಗುತ್ತಿದ್ದುದು ಅದೇ. ಈಗ ಅದು ಬೀಗದೊಳಗೆ ಇದ್ದುದರಿಂದ ಪಾಲು ಬೂದನಿಗೆ ಸಿಕ್ಕಿತ್ತು.

ಅವಳು ನೋಡುತ್ತಿದ್ದಂತೆಯೇ ಬೇಲಿಯಾಚೆಯಿಂದ ಇನ್ನೊಂದು ಬುಟ್ಟಿ ಹುಲ್ಲು ಸುರಿಯಿತು. ಪಕ್ಕದ ಹೊಸ ಮನೆಯವರು, ಹುಲ್ಲುಹಾಸು ಕತ್ತರಿಸುವ ಯಂತ್ರ ಹಿಡಿದು, ಚಪ್ಪಲಿಯಲ್ಲೇ ನಿಂತಿದ್ದರು.

"ನಮಸ್ಕಾರ! ತಿಂತಾ ಇದೆಯಾ?" ಎಂದು ಖುಷಿಯಿಂದ ಕೇಳಿದರು.

"ಯಾರು ಹೇಳಿದ್ದು ಇಲ್ಲಿ ಹಾಕೋಕೆ?"

"ನಿಮ್ಮ ಯಜಮಾನ್ರೇ. ನಾನು ನೊಣ, ಗೊಬ್ಬರದ ವಾಸನೆ ಅಂತ ದೂರು ಹೇಳಿದ್ದೆ. ಆಗ ಅವರೇ, ಹುಲ್ಲು ಸಾಗಿಸೋಕೆ ಯಾಕೆ ಒದ್ದಾಡ್ತೀರಿ, ಬೇಲಿಯಾಚೆ ಹಾಕಿ, ಕುದುರೆ ತಿನ್ನುತ್ತೆ, ನಾವು ನೀವು ಹೊಂದ್ಕೊಂಡಿರೋಣ ಅಂದ್ರು." ಬೂದನ ಬೆವರು ಕಂಡು ಅವರ ಮುಖದ ನಗು ಇಳಿಯಿತು. "ಒಂದ್ಸಲ ಡಾಕ್ಟ್ರು ಬಂದಿದ್ದನ್ನ ನೋಡಿ, ನಮ್ಮ ಹುಲ್ಲಿಂದೇನಾದ್ರೂ ಆಯ್ತಾ ಅಂತಾನೂ ಕೇಳಿದ್ದೆ. ಏನಿಲ್ಲ, ಯಾರ ಹತ್ರಾನೂ ಇದನ್ನ ಎತ್ತಬೇಡಿ ಅಂದ್ರು."

ಅಂದರೆ ಮಾವನಿಗೆ ಗೊತ್ತಿತ್ತು. ಭಾನುವಾರ ಬಸ್ಸಮ್ಮನನ್ನು ಎಲ್ಲರ ಮುಂದೆ ನಿಲ್ಲಿಸಿ ನೆಮ್ಮದಿಯ ಮಾತಾಡಿದಾಗಲೂ ಗೊತ್ತಿತ್ತು.

"ಈ ಮಾತನ್ನ ಮೇಲೆ ಬಂದು ಹೇಳ್ತೀರಾ?"

ಅವರು ಒಂದು ಕ್ಷಣ ಹಿಂದೆ ಮುಂದೆ ನೋಡಿದರು. ಆಮೇಲೆ ಯಂತ್ರ ಅಲ್ಲೇ ಬಿಟ್ಟು, ಬೇಲಿ ದಾಟಿ, ಅವಳ ಹಿಂದೆಯೇ ಬಂದರು.

ಡಾಕ್ಟರು ಬಂದು ಬೂದನ ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು, ಚುಚ್ಚುಮದ್ದು ಕೊಟ್ಟರು, ಹುಲ್ಲಿನ ಹಿಡಿ ಮೂಸಿ ನೋಡಿದರು. "ಇದೇ. ಕತ್ತರಿಸಿ ಗುಡ್ಡೆ ಹಾಕಿದ ಹುಲ್ಲು ಒಳಗೊಳಗೇ ಕೊಳೀತದೆ. ಕೆಂಚಿಗೂ ಇದೇ ಆಗಿರ್ಬೇಕು," ಎಂದರು. ಅಷ್ಟು ಹೊತ್ತಿಗೆ ಲಾಯದವರೆಲ್ಲ ಸುತ್ತ ನೆರೆದಿದ್ದರು. ಪಕ್ಕದ ಮನೆಯವರು ಹೇಳುವುದನ್ನು ಹೇಳಿ ಮುಗಿಸಿದರು. ಎಲ್ಲರ ಕಣ್ಣೂ ಮಾವನ ಕಡೆ ತಿರುಗಿತು.

"ಅಯ್ಯೋ ಮಗಳೇ, ಹುಲ್ಲೇ ತಾನೇ, ವಿಷ ಅಲ್ವಲ್ಲ," ಎಂದ ಮಾವ, ಅದೇ ಬೆಣ್ಣೆಯ ದನಿಯಲ್ಲಿ. "ನನಗೂ ಒಂಚೂರು ಅನುಮಾನ ಇತ್ತು ಅಷ್ಟೇ..."

"ಅನುಮಾನ ಇದ್ದಿದ್ದು ಹುಲ್ಲಿನ ಮೇಲೆ. ಬೆರಳು ತೋರಿಸಿದ್ದು ನನ್ನ ಮೇಲೆ."

"ನಾನು ಯಾರ ಹೆಸರೂ ಹೇಳ್ಲಿಲ್ಲ!"

"ಹೌದು, ಹೆಸರು ಹೇಳದೇನೇ ಹೆಸರು ಕೆಡಿಸಿದ್ರಿ. ಅದಕ್ಕೂ ಜಾಣತನ ಬೇಕು ಬಿಡಿ."

"ಆಯ್ತಮ್ಮ, ಬಿಟ್ಟುಬಿಡು. ತಪ್ಪು ಎಲ್ಲರಿಂದಲೂ ಆಗುತ್ತೆ."

"ಎಲ್ಲರಿಂದ ಅಲ್ಲ. ನಿಮ್ಮಿಂದ." ಅವಳ ದನಿ ಬಯಲಿನ ತುದಿಯವರೆಗೂ ಕೇಳಿಸಿತು. "ಚಹಾದ ಕೋಣೇಲಿ ಎಲ್ಲರ ಮುಂದೆ ನನ್ನನ್ನ ಹೋಗು ಅಂದ್ರಲ್ಲ, ಈಗ ಅದೇ ಜನರ ಮುಂದೆ ಹೇಳಿ. ಗೊತ್ತಿದ್ದೂ ಸುಮ್ಮನಿದ್ದೆ ಅಂತ."

ಮಾವ ಸುತ್ತ ನೋಡಿದ. ಇಷ್ಟು ದಿನ ತೆಪ್ಪಗಿದ್ದ ಮೇಷ್ಟ್ರು ಕನ್ನಡಕ ತೆಗೆದು, "ಹೇಳ್ರೀ. ಆವತ್ತು ಬಾಯಿ ಬಿಡದೆ ಕೂತಿದ್ದಕ್ಕೆ ನನಗೇ ನಾಚಿಕೆ ಆಗ್ತಿದೆ. ನೀವಾದ್ರೂ ಹೇಳಿ," ಎಂದರು. ಮಾವ ನೆಲ ನೋಡುತ್ತ, ಬಾಯೊಳಗೇ, ಗೊತ್ತಿತ್ತು ಎಂದ.

"ಕೇಳಿಸ್ಲಿಲ್ಲ."

"ಗೊತ್ತಿತ್ತಮ್ಮ! ಗೊತ್ತಿದ್ದೂ ಸುಮ್ಮನಿದ್ದೆ. ಸಾಕಾ?"

"ನನಗೆ ಸಾಕು. ನಿಮಗೆ ಸಾಲುತ್ತಾ ನೋಡ್ಕೊಳಿ."

ಕತ್ತರಿ ಅಳುತ್ತ ಬಂದು ಅವಳ ಕೈ ಹಿಡಿದಳು. "ಅಕ್ಕಾ, ತಪ್ಪಾಯ್ತು. ಕೆಂಚಿ ಸತ್ತೇ ಹೋಗುತ್ತೆ ಅನ್ನೋ ಭಯದಲ್ಲಿ ನನ್ನ ತಲೆ ಕೆಟ್ಟಿತ್ತು."

"ಬೀಗ ಹಾಕಿದ್ದಕ್ಕೆ ಬೇಜಾರಿಲ್ಲ ಕಣೇ. ನಿನ್ನ ಕುದುರೆ, ನಿನ್ನ ಭಯ. ಒಂದು ಮಾತು ಕೇಳ್ಬಹುದಿತ್ತಲ್ಲ? ಅಕ್ಕಾ, ನೀವೇನು ಹಾಕ್ತಿದ್ದೀರಿ ಅಂತ? ನಮ್ಮ ಮನೆಯವರ ಅಂಗಡಿಗೆ ಹೋಗಕ್ಕೆ ಪುರಸೊತ್ತಿತ್ತು. ನನ್ನನ್ನ ಕೇಳಕ್ಕೆ ಇರ್ಲಿಲ್ಲ."

ಬಸ್ಸಮ್ಮ ಕೈ ಬಿಡಿಸಿಕೊಂಡು ಬೂದನ ಬೆವರು ಒರೆಸಲು ಹೋದಳು.

ಬೂದ ಚೇತರಿಸಿಕೊಂಡಿತು. ಹುಲ್ಲಿನ ಗುಡ್ಡೆಯನ್ನು ಪಕ್ಕದ ಮನೆಯವರೇ ಬಂದು ಎತ್ತಿಸಿದರು. ಲಾಯದವರು ಒಬ್ಬೊಬ್ಬರಾಗಿ ಬಂದು, ನಮಗೆ ಆಗಲೇ ಗೊತ್ತಿತ್ತು, ನೀವು ಅಂಥವರಲ್ಲ ಅಂತ, ಎಂದರು. ಆಗಲೇ ಗೊತ್ತಿದ್ದವರು ಅಷ್ಟೊಂದು ಜನರಿದ್ದರು ಎಂಬುದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಕೆಲವು ವಾರಗಳ ನಂತರ, ಯಾರೂ ಹೋಗು ಎನ್ನದಿರುವಾಗ, ಅವಳು ತಾನಾಗಿಯೇ ಬೂದನನ್ನು ನಾಲೆಯಾಚೆಯ ಸಣ್ಣ ಲಾಯವೊಂದಕ್ಕೆ ಸಾಗಿಸಿದಳು. "ಈಗ್ಯಾಕೆ ಹೋಗ್ತೀಯ ಮಗಳೇ? ಎಲ್ಲಾ ಸರಿಹೋಯ್ತಲ್ಲ," ಎಂದ ಮಾವ. "ಅದಕ್ಕೇ ಹೋಗ್ತಿರೋದು," ಎಂದಳು.

ಮಳೆಗಾಲ ಬರುವ ಹೊತ್ತಿಗೆ ಕತ್ತರಿಯೂ ಕೆಂಚಿಯನ್ನು ಕರೆದುಕೊಂಡು ಅಲ್ಲಿಗೇ ಬಂದಳು. ಬರಲೇ ಎಂದು ಕೇಳಿದಾಗ ಬಸ್ಸಮ್ಮ, "ಜಾಗ ಇದೆ, ಬಾ. ಆದ್ರೆ ಅವರವರ ಕುದುರೆ ಅವರವರದು," ಎಂದಿದ್ದಳು. ಮಾತುಕತೆ ಇತ್ತು, ನಗುವೂ ಇತ್ತು. ಬಕೆಟ್ಟು ಮಾತ್ರ ಬೇರೆ ಬೇರೆ.

ಒಂದು ಬೆಳಿಗ್ಗೆ ಕತ್ತರಿ ಫೋನು ಮಾಡಿ, ಜ್ವರ, ಏಳಲಾಗುತ್ತಿಲ್ಲ, ಕೆಂಚಿಗೆ ಮೇವು ಹಾಕುತ್ತೀರಾ ಎಂದು ಕೇಳಿದಳು. ಹಾಕುತ್ತೇನೆ ಎಂದಳು ಬಸ್ಸಮ್ಮ. ತವುಡು ಕಲಸಿದಳು. ಕೆಂಚಿಯ ಮುಂದಿಡುವ ಮೊದಲು ಬಕೆಟ್ಟಿನ ಫೋಟೋ ತೆಗೆದು ಕಳಿಸಿದಳು.

"ಅಕ್ಕಾ, ಇದೆಲ್ಲ ಬೇಡ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ," ಎಂದು ಕೂಡಲೇ ಮರುಮಾತು ಬಂತು.

"ನಿನಗೋಸ್ಕರ ಅಲ್ಲ ಕಣೇ," ಎಂದು ಬಸ್ಸಮ್ಮ ಬರೆದಳು. "ನನಗೋಸ್ಕರ."