ಕರೆಂಟಿಲ್ಲದ ಹಲ್ಲು

ವೈರಿಂಗ್ ಮೇಸ್ತ್ರಿಯ ದವಡೆ ಹಲ್ಲು ಮುರಿದದ್ದು ಏಣಿಯ ಮೇಲೆ. ಒಂದು ಕೈಯಲ್ಲಿ ಚಾವಣಿಯ ಪೈಪಿನಿಂದ ಇಳಿಬಿದ್ದ ವೈರು, ಇನ್ನೊಂದು ಕೈ ಏಣಿಗೆ, ಕಟಿಂಗ್ ಪ್ಲೇಯರ್ ಕೆಳಗಿನ ಚೀಲದಲ್ಲಿ. ಅದಕ್ಕೋಸ್ಕರ ಯಾರು ಇಳಿದು ಹತ್ತುತ್ತಾರೆ? ವೈರಿನ ತುದಿಯನ್ನು ಎಡಗಡೆಯ ಹಲ್ಲಿಗೆ ಕೊಟ್ಟು ಎಳೆದ. ಕಟಕ್ ಎಂದಿತು. ವೈರಿನ ಸಿಪ್ಪೆಯ ಜೊತೆ ಹಲ್ಲಿನ ಚೂರೊಂದು ಅಂಗೈಗೆ ಬಂತು. ನೋವು ಮಾತ್ರ ಇಲ್ಲವೇ ಇಲ್ಲ. ಅದನ್ನು ಕಂಡು ಅವನಿಗೆ ಮೊದಲು ಗಾಬರಿಯಾಯಿತು, ಆಮೇಲೆ ಕೆಟ್ಟ ಕೋಪ ಬಂತು.

ಬಾರದೆ ಇನ್ನೇನು? ಕೆಲವು ತಿಂಗಳ ಹಿಂದೆ ಇದೇ ಹಲ್ಲು ಅವನನ್ನು ಅಟ್ಟಾಡಿಸಿತ್ತು. ಬಿಸಿ ತಾಗಿದರೆ ಜೀವ ಹೋದಂತಾಗುತ್ತಿತ್ತು. ಅದರ ಹಿಂದಿನ ಹಲ್ಲುಗಳನ್ನು ಹಿಂದೆಯೇ ಕೀಳಿಸಿಯಾಗಿತ್ತು. ಎಡಗಡೆ ಅಗಿಯಲು ಉಳಿದದ್ದು ಇದೊಂದೇ. ಹೇಗಾದರೂ ಇದನ್ನು ಉಳಿಸಿಕೊಳ್ಳಲೇಬೇಕೆಂದು ರೂಟ್ ಕೆನಾಲ್‌ಗೆ ಒಪ್ಪಿದ. ಹೆದರಿಸುವವರಿಗೇನು ಬರವೇ? ಭಾವಮೈದುನನಂತೂ ಡ್ರಿಲ್ಲಿನ ಸದ್ದು ಮಾಡಿ, ಕಣ್ಣು ಮೇಲೆ ಮಾಡಿ ತೋರಿಸಿದ್ದ. ಹೋಗಿ ಕೂತರೆ ಇಂಜೆಕ್ಷನ್ ಚುಚ್ಚಿದ್ದು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಭಾವಮೈದುನನನ್ನು ಬಯ್ದುಕೊಳ್ಳುತ್ತಲೇ ಮನೆಗೆ ಬಂದಿದ್ದ.

"ಒಳಗಿನ ನರ ತೆಗೆದಿದೀವಿ, ಇನ್ನು ನೋವಾಗಲ್ಲ" ಎಂದಿದ್ದರು ಡಾಕ್ಟರು. ಆ ಒಂದು ಮಾತು ಮೇಸ್ತ್ರಿಯ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಕೆಲಸಕ್ಕೆ ಇಳಿದಾಗಿನಿಂದ ಅವನು ನಂಬಿದ್ದು ಒಂದನ್ನೇ: ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಲೈನಿನಲ್ಲಿ ಕರೆಂಟಿಲ್ಲ ಎಂದಾದರೆ ಧೈರ್ಯವಾಗಿ ಕೈ ಹಾಕಬಹುದು. ಹಲ್ಲಿಗೂ ಅದೇ ಲೆಕ್ಕ ಹಾಕಿದ. ಬಲಗಡೆಯ ಹಲ್ಲುಗಳಿಗೆ ಇನ್ನೂ ಜೀವವಿದೆ, ಅವಕ್ಕೇಕೆ ತೊಂದರೆ ಕೊಡುವುದು? ಅಂದಿನಿಂದ ವೈರು ಸುಲಿಯುವ ಕೆಲಸವೆಲ್ಲ ಎಡಗಡೆಯ ಆ ಹಲ್ಲಿನದೇ ಆಯಿತು.

ಮುರಿದ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ನೇರ ದವಾಖಾನೆಗೆ ನುಗ್ಗಿದ. ನರ್ಸು ಎಕ್ಸ್‌ರೇ ತೆಗೆದಳು. ಡಾಕ್ಟರು ಅವನನ್ನು ಕುರ್ಚಿಯ ಮೇಲೆ ಒರಗಿಸಿ, ದೀಪ ಎಳೆದು, ಸಣ್ಣ ಕನ್ನಡಿ ಹಿಡಿದು ನೋಡಿದರು.

"ಸೀಳು ಬೇರಿನ ತನಕ ಇಳಿದಿಲ್ಲಾಂದ್ರೆ ಉಳಿಸ್ಬಹುದು. ಇಳಿದಿದ್ರೆ ಕೀಳಲೇಬೇಕು. ಎಕ್ಸ್‌ರೇ ಬರಲಿ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಕ್ಯಾಪ್ ಹಾಕಿಸ್ಕೊಳ್ಳೋಕೆ ಬನ್ನಿ ಅಂತ ಆವತ್ತೇ ಹೇಳಿದ್ದೆ. ನೀವು ಈ ಕಡೆ ತಲೆನೇ ಹಾಕ್ಲಿಲ್ಲ."

"ಯಾವಾಗ ಹೇಳಿದ್ರಿ?"

"ಟ್ರೀಟ್‌ಮೆಂಟ್ ಮಾಡ್ತಾನೇ ಹೇಳಿದೆ. ನೀವೂ ಹ್ಞೂಂ ಅಂದ್ರಿ."

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಒರಗಿದ್ದವನು ಎದ್ದು ಕೂತ.

"ಹ್ಞೂಂ ಅಂದೆನಾ! ಬಾಯಲ್ಲಿ ಹತ್ತಿ, ಎಂಜಲು ಹೀರೋ ಕೊಳವೆ, ಸಾಲದ್ದಕ್ಕೆ ನಿಮ್ಮ ಎರಡೂ ಕೈ. ತುಟಿ ಇದೆಯೋ ಬಿದ್ದುಹೋಯ್ತೋ ಗೊತ್ತಿಲ್ಲ. ಕಿವೀಲಿ ಮಿಷನ್ನಿನ ಗುಂಯ್. ಆಗ ನೀವು 'ನಿನ್ನ ಮನೆ ಬರ್ಕೊಡ್ತೀಯಾ' ಅಂದಿದ್ರೂ ಹ್ಞೂಂ ಅಂತಿದ್ದೆ, ಸ್ವಾಮಿ!"

"ಹೊರಗಡೆ ನಾನು ಕೂತಿದ್ದೆ. ನನ್ನನ್ನಾದ್ರೂ ಕರೆದು ಹೇಳ್ಬಹುದಿತ್ತಲ್ಲ ಡಾಕ್ಟ್ರೇ?" ಎಂದಳು ಹೆಂಡತಿ.

"ನೋವು ಹೋದ್ಮೇಲೆ ಯಾರಮ್ಮಾ ಬರ್ತಾರೆ?"

"ಬರ್ಬೇಕು ಅಂತ ಗೊತ್ತಿದ್ರೆ ತಾನೇ ಬರೋದು!" ಮೇಸ್ತ್ರಿ ಗುಡುಗಿದ.

"ಸರಿ, ನೀವು ಹಲ್ಲಲ್ಲಿ ವೈರು ಸುಲೀತೀರಿ ಅಂತ ನನಗೇನು ಕನಸು ಬೀಳುತ್ತಾ?"

"ಕೇಳಿದ್ರಾ ನನ್ನನ್ನ?"

"ನಾನು ಬಯ್ದೂ ಬಯ್ದೂ ಸಾಕಾಗಿದೆ. ಮಾತು ಕೇಳೋ ಜೀವ ಅಲ್ಲ ಇದು" ಎಂದಳು ಹೆಂಡತಿ. ಅವಳು ಯಾರ ಕಡೆಗೆ ಎಂಬುದು ಮೇಸ್ತ್ರಿಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳನ್ನು ದುರುಗುಟ್ಟಿ ನೋಡಿ, ನರ್ಸು ಕೈಗೆತ್ತಿಕೊಂಡ ಸಿರಿಂಜಿನ ಕಡೆ ಬೆರಳು ತೋರಿಸಿದ.

"ಅದು ಆಮೇಲೆ. ಈಗ ನನ್ನ ನಾಲಿಗೆ ತಿರುಗ್ತಿದೆ. ಆ ಹಲ್ಲಿಗೆ ನೀವೇನು ಮಾಡಿದ್ರಿ, ನಾನೇನು ಮಾಡ್ಬೇಕಿತ್ತು, ಈಗ ಹೇಳಿ."

ಡಾಕ್ಟರು ಮಾಸ್ಕ್ ಕೆಳಗೆಳೆದರು. ನೋಡಿದರೆ ಅವರೂ ಸುಸ್ತಾದ ಸಾಧಾರಣ ಮುಖದ ಮನುಷ್ಯ.

"ಹುಳುಕು ನರದ ತನಕ ಇಳಿದಿತ್ತು. ಕೆಟ್ಟ ನರ ತೆಗೆದು, ಬೇರಿನ ಒಳಗಡೆ ತೊಳೆದು, ತುಂಬಿ ಮುಚ್ಚಿದೆ. ಅಲ್ಲಿಗೆ ನೋವು ಹೋಗುತ್ತೆ, ಕೆಲಸ ಮುಗಿಯಲ್ಲ. ಹುಳುಕು ತಿಂದಿದ್ದು, ನಾವು ಕೊರೆದಿದ್ದು ಎಲ್ಲಾ ಸೇರಿ ಹಲ್ಲು ಟೊಳ್ಳಾಗಿರುತ್ತೆ. ದವಡೆ ಹಲ್ಲಾದ್ರೆ ಬೇಗ ಕ್ಯಾಪ್ ಹಾಕಿಸ್ಬೇಕು. ಅಲ್ಲೀವರೆಗೆ ಆ ಕಡೆ ಗಟ್ಟಿಯಾದ್ದು ಕಚ್ಚಬಾರದು. ನರ ಇಲ್ಲದ ಹಲ್ಲು ಬಿರುಕು ಬಿಟ್ರೂ ಎಷ್ಟೋ ಸಲ ನಮಗೆ ಗೊತ್ತೇ ಆಗಲ್ಲ. ಒಸಡು ಊದಿದ್ರೆ, ಕಚ್ಚಿದಾಗ ನೋವಾದ್ರೆ, ರೂಟ್ ಕೆನಾಲ್ ಆಯ್ತಲ್ಲ ಅಂತ ಸುಮ್ನೆ ಇರದೆ ಬರ್ಬೇಕು."

ಮೇಸ್ತ್ರಿ ಇನ್ನೂ ಇದೆಯೇನೋ ಎಂದು ಕಾದ. ಇರಲಿಲ್ಲ. ನರ್ಸು ಇನ್ನೂ ಸಿರಿಂಜಿಗೆ ಔಷಧಿ ತುಂಬುತ್ತಲೇ ಇದ್ದಳು.

"ಇಷ್ಟೇನಾ?"

"ಇಷ್ಟೇ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಶಾಸ್ತ್ರ, ತನ್ನಂಥವನ ತಲೆಗೆ ಹತ್ತದ್ದು ಏನೋ ಇರಬೇಕು, ಅದಕ್ಕೇ ಹೇಳಿರಲಿಕ್ಕಿಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಅವರಿಗೊಂದು ರಿಯಾಯಿತಿ ಇಟ್ಟಿದ್ದ. ಇದೋ, ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಮಾತು.

ಆಗ ಎಕ್ಸ್‌ರೇ ಬಂತು. ಡಾಕ್ಟರು ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿದರು. ಬಹಳ ಹೊತ್ತು ನೋಡಿದರು. ಮತ್ತೊಮ್ಮೆ ಕನ್ನಡಿ ಹಿಡಿದು, ಒಸಡಿನ ಅಂಚಿನಲ್ಲಿ ತೆಳ್ಳನೆಯ ಕಡ್ಡಿ ಇಳಿಸಿ ನೋಡಿದರು.

"ಸೀಳು ಬೇರಿಗೆ ಇಳಿದಿದೆ. ಉಳಿಯಲ್ಲ" ಎಂದರು. ಕಡ್ಡಿಯನ್ನು ಟ್ರೇಯಲ್ಲಿಟ್ಟು, "ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಹೇಳ್ಬೇಕಿತ್ತು. ನಂದೇ ತಪ್ಪು" ಎಂದರು.

ಜಗಳಕ್ಕೆ ಬಂದವನಿಗೆ ಜಗಳವೂ ದಕ್ಕಲಿಲ್ಲ. ಮೇಸ್ತ್ರಿ ಪರದೆಯನ್ನೇ ನೋಡಿದ. ಹಲ್ಲಿನ ಬೇರುಗಳೊಳಗೆ ತುಂಬಿದ್ದ ಮದ್ದಿನ ಬಿಳಿಯ ಗೆರೆಗಳು ತುದಿಯ ತನಕ ಇಳಿದಿದ್ದವು. ಎಲ್ಲೂ ತುಂಡಾಗಿರಲಿಲ್ಲ, ಎಲ್ಲೂ ಖಾಲಿ ಬಿಟ್ಟಿರಲಿಲ್ಲ. ಗೋಡೆಯೊಳಗೆ ಇಷ್ಟು ಅಚ್ಚುಕಟ್ಟಾಗಿ ಪೈಪು ಇಳಿಸುವವರು ಅವನ ಕಸುಬಿನಲ್ಲೂ ಕಡಿಮೆ.

"ಇದು ನೀವೇ ಮಾಡಿದ್ದಾ?"

"ಹೂಂ."

"ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಚೆಂದ ಕೆಲಸ ಮಾಡಿದೀರಿ" ಎಂದ ಮೇಸ್ತ್ರಿ. "ನಾಲ್ಕು ಮಾತು ಆಡೋಕೆ ಏನ್ರೀ ಆಗಿತ್ತು ನಿಮಗೆ?"

ಡಾಕ್ಟರು ಮಾಸ್ಕ್ ಮೇಲಕ್ಕೆಳೆದು ಸಿರಿಂಜಿಗೆ ಕೈ ಚಾಚಿದರು. ಹೆಂಡತಿ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಮೇಸ್ತ್ರಿ ಹಿಂದಕ್ಕೆ ಒರಗಿ, ಚೂರೂ ನೋಯದ ಹಲ್ಲನ್ನು ಕೀಳಿಸಿಕೊಳ್ಳಲು ಬಾಯಿ ತೆರೆದ.